ಭೂತರಾಜ್ಯದಿಂದ ಸುಲೋಚನೆಯವರೆಗೆ

"ಇತ್ತೀಚೆಗೆ ಎಂತ ನೋಡಿದ್ರಿ?" ಎಂಬುದು ಈಗ "ಊಟ ಆಯ್ತಾ?" ಎಂಬಷ್ಟೇ ಸಲೀಸಾದ ಪ್ರಶ್ನೆ. ಕಾಪುವಿನಲ್ಲಿ ಬಸ್ ಹತ್ತಿ ಮಣಿಪಾಲದಲ್ಲಿ ಇಳಿಯುವುದರೊಳಗೆ ನನಗೇ ದಿನಕ್ಕೆ ಎರಡು ಸಲ ಯಾರಾದರೂ ಕೇಳುತ್ತಾರೆ. ಕೇಳಿದವರು ಕೊರಿಯಾದ ಸೀರಿಯಲ್ಲಿನ ಹೆಸರನ್ನೋ, ಸ್ಪೇನಿನ ದರೋಡೆ ಕತೆಯ ಹೆಸರನ್ನೋ ನಿರೀಕ್ಷಿಸುತ್ತಾರೆ. ನಾನು "ಗುಡ್ಡದ ಭೂತ" ಅಂದರೆ ಮುಖ ನೋಡುತ್ತಾರೆ. "ಅದು ಆ ಕಾಲದ್ದಲ್ವಾ ಮಾರಾಯ್ರೆ?"

ಹೌದು, ಆ ಕಾಲದ್ದೇ. ಕಳೆದ ಒಂದೆರಡು ವರ್ಷಗಳಲ್ಲಿ ಟಿವಿ, ಥಿಯೇಟರು, ಮೊಬೈಲು ಎಲ್ಲ ಸೇರಿ ನಾನು ಮೆಚ್ಚಿ ನೋಡಿದ್ದನ್ನು ಮೊನ್ನೆ ಒಂದು ಕಾಗದದಲ್ಲಿ ಬರೆದುಕೊಂಡೆ. ಹೊರಗಿನದ್ದೂ ಇದ್ದವು. ಆದರೆ ಮತ್ತೆ ಮತ್ತೆ ನೋಡಿದ್ದು, ಮನೆಯವರನ್ನು ಕರೆದು ತೋರಿಸಿದ್ದು ಹೆಚ್ಚುಕಡಿಮೆ ಎಲ್ಲ ಮಲ್ಪೆ, ಉಡುಪಿ, ಕಾಪು, ಕಾರ್ಕಳದ ಸುತ್ತಿನವು. ಊರಿನ ಮೇಲಿನ ಪ್ರೀತಿ ಅಂತ ಇದನ್ನು ತಳ್ಳಿಹಾಕಬಹುದು. ಆದರೆ ಅವನ್ನು ಹುಟ್ಟಿದ ವರ್ಷದ ಪ್ರಕಾರ ಸಾಲಾಗಿ ಜೋಡಿಸಿದಾಗ ಬೇರೆ ಒಂದು ಕತೆ ಕಾಣಿಸಿತು. ಈ ಕರಾವಳಿ ಪರದೆಯ ಮೇಲೆ ಮೊದಲು ಮೂಕವಾಗಿ ಬಂತು, ಆಮೇಲೆ ಪುಸ್ತಕದ ಕನ್ನಡದಲ್ಲಿ ಮಾತಾಡಿತು, ತನ್ನ ಬಾಯಲ್ಲಿ ತನ್ನ ಮಾತು ಆಡಲಿಕ್ಕೆ ಸುಮಾರು ಎಂಬತ್ತು ವರ್ಷ ತೆಗೆದುಕೊಂಡಿತು. ಮತ್ತೆ ಈ ಸಾಲಿನ ತುಂಬ ಭೂತಗಳೇ!

ಮೊದಲನೆಯದ್ದನ್ನು ನಾನು ನೋಡಿಲ್ಲ. ನೀವೂ ನೋಡಿರಲಿಕ್ಕಿಲ್ಲ. ಕೋಟದ ಶಿವರಾಮ ಕಾರಂತರು 1930-31ರಲ್ಲಿ ಎರಡು ಮೂಕಚಿತ್ರ ಮಾಡಿದ್ದರು. ಒಂದು "ಡೊಮಿಂಗೊ", ಇನ್ನೊಂದರ ಹೆಸರು "ಭೂತರಾಜ್ಯ". ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನಾ" ತೆರೆಕಂಡದ್ದು 1934ರ ಮಾರ್ಚ್ 3ಕ್ಕೆ. ಅಂದರೆ ಕನ್ನಡ ಸಿನಿಮಾ ಬಾಯಿ ಬಿಡುವುದಕ್ಕೆ ಮೂರು ವರ್ಷ ಮೊದಲೇ, ಇನ್ನೂ ಮೂವತ್ತು ದಾಟದ ಈ ಮನುಷ್ಯ ಕ್ಯಾಮೆರಾ ಹಿಡಿದಿದ್ದ. ಯಕ್ಷಗಾನ, ನಾಟಕ, ವಿಜ್ಞಾನ, ಮಕ್ಕಳ ಶಾಲೆ ಎಲ್ಲದಕ್ಕೂ ಕೈ ಹಾಕಿದವರು ಸಿನಿಮಾವನ್ನು ಬಿಡುತ್ತಾರೆಯೇ? 1978ರಲ್ಲಿ ತಮ್ಮ "ಕುಡಿಯರ ಕೂಸು" ಕಾದಂಬರಿಯನ್ನು "ಮಲೆಯ ಮಕ್ಕಳು" ಅಂತ ತಾವೇ ನಿರ್ದೇಶಿಸಿದರು. ಆದರೆ "ಭೂತರಾಜ್ಯ" ಎಂಬ ಹೆಸರು ನನ್ನನ್ನು ಕಾಡುವಷ್ಟು ಅದು ಕಾಡುವುದಿಲ್ಲ. ನಮ್ಮ ಕಡೆಯ ಯಾರೋ ಒಬ್ಬ ಕ್ಯಾಮೆರಾ ತಿರುಗಿಸಿದ ಕೂಡಲೇ ಎದುರಿಗೆ ಸಿಕ್ಕಿದ್ದು ಭೂತ. ಅಲ್ಲಿಂದ ಇಲ್ಲಿಯವರೆಗೆ ಅದು ನಮ್ಮನ್ನು ಬಿಟ್ಟಿಲ್ಲ.

ಕಾರಂತರ "ಚೋಮನ ದುಡಿ"ಯನ್ನು ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಳೆದ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿದೆ. ತುಂಡು ಭೂಮಿ ಇಟ್ಟುಕೊಂಡು ಬೇಸಾಯ ಮಾಡಬೇಕೆಂಬ ಆಸೆ ಹೊತ್ತ ಆ ಮುದುಕನ ಮುಖವನ್ನು ಮರೆಯುವುದಕ್ಕಾಗುವುದಿಲ್ಲ. ಈಗ ನೋಡುವಾಗ ಮಾತ್ರ ಕಿವಿ ಬೇರೆ ಕಡೆ ಹೋಯಿತು. ಈ ಚೋಮ ನಿಜವಾಗಿ ಯಾವ ಭಾಷೆ ಮಾತಾಡುತ್ತಿದ್ದ? ನಮ್ಮ ಕಡೆಯ ಜೀತದಾಳಿನ ಮನೆಮಾತು ತುಳು. ಸಿನಿಮಾದಲ್ಲಿ ಅವನು ಕನ್ನಡ ಮಾತಾಡುತ್ತಾನೆ, ಕಾದಂಬರಿಯಲ್ಲೂ ಹಾಗೆಯೇ. ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಕನ್ನಡದಲ್ಲಿ ಬರೆದದ್ದಕ್ಕೇ ಚೋಮ ಬೀದರದವರೆಗೂ ಹೋದ. ಆದರೆ ದುಡಿಯ ಸದ್ದು ಮಾತ್ರ ಅನುವಾದವಾಗದೆ ಹಾಗೇ ಉಳಿಯಿತು ಅನ್ನುವುದು ಇತ್ತೀಚೆಗೆ ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಮಾತು ಬೇರೆಯವರದ್ದು, ಸದ್ದು ಅವನದ್ದು.

ಹಾಗಾದರೆ ತುಳು ಸಿನಿಮಾ? 1971ರಲ್ಲಿ "ಎನ್ನ ತಂಗಡಿ" ಬಂದಿತ್ತು. ಆಮೇಲೆ ನಾಲ್ಕು ದಶಕ ಬಂದದ್ದು, ನಿಂತದ್ದು, ಪುನಃ ಬಂದದ್ದು. 2011ರ "ಒರಿಯರ್ದೊರಿ ಅಸಲ್" ನಂತರ ಥಿಯೇಟರಿಗೆ ಜನ ಬರತೊಡಗಿದರು. 2011ರ ಜನಗಣತಿಯ ಪ್ರಕಾರ ತುಳು ಮಾತಾಡುವವರು 18 ಲಕ್ಷ ಚಿಲ್ಲರೆ. ಇಷ್ಟು ಜನರ ಮಾರುಕಟ್ಟೆಯಲ್ಲಿ ಗೆಲ್ಲಬೇಕಾದರೆ ನಗಿಸಲೇಬೇಕು ಎಂಬ ಲೆಕ್ಕಾಚಾರ ಹುಟ್ಟಿಕೊಂಡಿತು, ನಾಟಕದ ಹಾಸ್ಯ ಹಾಗೇ ಪರದೆಗೆ ಬಂತು. ಕೆಲವನ್ನು ನಾನೂ ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೇನೆ. ಎರಡನೇ ಸಲ ನೋಡಬೇಕು ಅನ್ನಿಸಿದ್ದು ಕಡಿಮೆ. ಅದಕ್ಕೊಂದು ದೊಡ್ಡ ಅಪವಾದ "ಪಡ್ಡಾಯಿ", ಅದಕ್ಕೆ ಆಮೇಲೆ ಬರುತ್ತೇನೆ.

ಟಿವಿಯ ಕತೆ ಬೇರೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ನಮ್ಮ ಕಡೆ ಮನೆಗಳಿಗೆ ಟಿವಿ ಬಂದದ್ದು ಅದರ ನಂತರ, ಅದೂ ಮುಂಬೈಯಲ್ಲೋ ಗಲ್ಫಿನಲ್ಲೋ ಯಾರಾದರೂ ಇದ್ದ ಮನೆಗೆ ಮೊದಲು. ಹಂಚಿನ ಮಾಡಿನ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಒಳಗಿನಿಂದ ಒಬ್ಬ "ಬಂತು... ಹೋಯ್ತು... ಬಂತು" ಅಂತ ಕೂಗುವುದು. ಮಳೆಗಾಲದ ಗಾಳಿಗೆ ಆಂಟೆನಾ ತೆಂಗಿನ ಮರದ ಜೊತೆ ಬಗ್ಗುತ್ತಿತ್ತು. 1987ರಲ್ಲಿ "ರಾಮಾಯಣ" ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಪೇಟೆ ಖಾಲಿ. ಹಿಂದಿ ಅರ್ಥವಾಗದಿದ್ದರೂ ತೊಂದರೆ ಇರಲಿಲ್ಲ. ಇಡೀ ರಾತ್ರಿ ಆಟ ನೋಡಿ ಬೆಳೆದ ಅಜ್ಜಿಯಂದಿರಿಗೆ ಪ್ರಸಂಗ ಗೊತ್ತಿತ್ತಲ್ಲ. "ಈ ರಾವಣನಿಗೆ ಪ್ರವೇಶವೇ ಸರಿ ಇಲ್ಲ" ಅಂತ ನಮ್ಮ ನೆರೆಮನೆಯ ಅಜ್ಜಿ ಟೀಕೆ ಮಾಡುತ್ತಿದ್ದದ್ದು ನೆನಪುಂಟು. ಬಣ್ಣದ ವೇಷದ ಒಡ್ಡೋಲಗ ನೋಡಿದವರಿಗೆ ಆ ರಾವಣ ಸಪ್ಪೆಯೇ.

ಅಂಥ ದಿನಗಳಲ್ಲಿ, 1990ರಲ್ಲಿ ಬಂದದ್ದು "ಗುಡ್ಡದ ಭೂತ". ನಿರ್ದೇಶಕ ಸದಾನಂದ ಸುವರ್ಣ. ಮುಂಬೈಯಲ್ಲಿ ದುಡಿದು ಕನ್ನಡ ರಂಗಭೂಮಿ ಕಟ್ಟಿದವರು. ಗಿರೀಶ ಕಾಸರವಳ್ಳಿಯವರ "ಘಟಶ್ರಾದ್ಧ"ಕ್ಕೆ ನಿರ್ಮಾಪಕರಾಗಿ ದುಡ್ಡು ಹಾಕಿದ್ದೂ ಇವರೇ. 2024ರಲ್ಲಿ ತೀರಿಕೊಂಡಾಗ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿದ್ದು ಈ ಧಾರಾವಾಹಿಯ ಶೀರ್ಷಿಕೆ ಹಾಡು. ಆಗ ಇನ್ನೂ ಪ್ರಕಾಶ್ ರೈ ಆಗಿದ್ದ ಪ್ರಕಾಶ್ ರಾಜ್ ಇದರಲ್ಲಿದ್ದಾರೆ, ತೆಳ್ಳಗೆ, ಹುಡುಗನ ಹಾಗೆ. ಯೂಟ್ಯೂಬಿನಲ್ಲಿ ಸಿಕ್ಕಿದಾಗ ಎರಡು ರಾತ್ರಿಯಲ್ಲಿ ಮುಗಿಸಿದೆ. ಚಿತ್ರ ಮಾಸಿದೆ, ಕತೆ ನಿಧಾನ, ಹೆದರಿಸುವ ತಂತ್ರ ಎಲ್ಲ ಹಳತು. ಆದರೂ ಆ ಮಣ್ಣಿನ ದಾರಿ, ಅಗಳು, ಸಂಜೆಗತ್ತಲೆಯ ಗುಡ್ಡ ಇವೆಲ್ಲ ಸೆಟ್ಟಲ್ಲ ಅನ್ನುವುದು ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ. ಗುಡ್ಡದಲ್ಲಿ ಭೂತ ಉಂಟೋ ಇಲ್ಲವೋ ಅನ್ನುವುದನ್ನು ನಾನಿಲ್ಲಿ ಹೇಳಿ ಕೆಡಿಸುವುದಿಲ್ಲ. ಇದು ಎಷ್ಟು ಆಳಕ್ಕಿಳಿದಿತ್ತು ಅಂದರೆ, ಆಗ ಟಿವಿ ಮುಂದೆ ಕೂತ ಮಕ್ಕಳ ತಲೆಮಾರು ದೊಡ್ಡದಾಗಿ 2015ರಲ್ಲಿ "ರಂಗಿತರಂಗ" ನೋಡಿದಾಗ, ಡೆನ್ನಾನ ಡೆನ್ನಾನ ಅಂತ ಶುರುವಾದ ಕೂಡಲೇ ಥಿಯೇಟರಿನಲ್ಲಿ ಕೇಕೆ ಹಾಕಿತು.

ಈಗ ಬರುವುದು ನನ್ನ ಪಟ್ಟಿಯ ಅತ್ಯಂತ ಕಷ್ಟದ ಸಿನಿಮಾಕ್ಕೆ. ಮಣಿಪಾಲದಲ್ಲಿ ನೆಲೆಸಿರುವ ವೈದೇಹಿಯವರ ಕತೆಯನ್ನಿಟ್ಟುಕೊಂಡು ಕಾಸರವಳ್ಳಿಯವರು 2008ರಲ್ಲಿ ಮಾಡಿದ "ಗುಲಾಬಿ ಟಾಕೀಸ್". ವೈದೇಹಿಯವರ ಕತೆ ಸಣ್ಣ ಊರಿಗೆ ಸಿನಿಮಾ ಟಾಕೀಸು ಬಂದ ಕಾಲದ್ದು, ಹೆಂಗಸರ ಲೋಕದಲ್ಲಿ ಅದು ಎಬ್ಬಿಸಿದ ಸಣ್ಣ ಅಲೆಗಳದ್ದು. ಕಾಸರವಳ್ಳಿ ಅದನ್ನು 1990ರ ದಶಕದ ಕೊನೆಗೆ, ಕುಂದಾಪುರದ ಕಡೆಯ ಒಂದು ಕುದ್ರುವಿಗೆ ತಂದರು. ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿಗೆ ಸಿನಿಮಾದ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಉಳ್ಳವರ ಮನೆಯವರು ಅವಳಿಗೆ ಬಣ್ಣದ ಟಿವಿ ಕೊಡುತ್ತಾರೆ, ಡಿಶ್ ಸಮೇತ. ಗಂಡ ಬಿಟ್ಟುಹೋದ ಆ ಹೆಂಗಸಿನ ಗುಡಿಸಲೇ ಊರಿನ ಹೆಂಗಸರ ಟಾಕೀಸು ಆಗುತ್ತದೆ. ಜಾತಿ ನೋಡಿ ಹೊರಗೇ ನಿಲ್ಲುವವರು, ಹೊಸಿಲು ದಾಟಿ ಒಳಗೆ ಕೂರುವವರು. ಅದೇ ಹೊತ್ತಿಗೆ ಕಾರ್ಗಿಲ್ ಯುದ್ಧ. ಕಡಲಿನಲ್ಲಿ ದೋಣಿಯವರಿಗೂ ಟ್ರಾಲರಿನವರಿಗೂ ಜಗಳ, ಅದು ನೋಡನೋಡುತ್ತ ಹಿಂದೂ-ಮುಸ್ಲಿಂ ಜಗಳದ ರೂಪ ತಾಳುತ್ತದೆ. ಉಮಾಶ್ರೀಯವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಟಿವಿಯ ಬೆಳಕು ಮುಖದ ಮೇಲೆ ಬಿದ್ದಾಗ ಅವರ ಕಣ್ಣು ನೋಡಿದರೆ ಪ್ರಶಸ್ತಿ ಯಾಕೆ ಅಂತ ಯಾರೂ ಕೇಳಲಿಕ್ಕಿಲ್ಲ.

ನಮ್ಮ ಕರಾವಳಿಯ ಟಿವಿಯ ಇತಿಹಾಸವನ್ನು ಇಷ್ಟು ಸರಿಯಾಗಿ ಬರೆದ ಪುಸ್ತಕ ನಾನಂತೂ ಓದಿಲ್ಲ. ಟಿವಿ ನೆರೆಯವರನ್ನು ಒಂದು ಚಾಪೆಯಲ್ಲಿ ಕೂರಿಸಿತು, ಅದೇ ಟಿವಿ ಅದೇ ನೆರೆಯವರನ್ನು ಒಬ್ಬರಿಗೊಬ್ಬರು ಅಪರಿಚಿತರನ್ನಾಗಿಯೂ ಮಾಡಿತು. ಇದು ಗುಲಾಬಿಯ ಕುದ್ರುವಿನ ವಿಷಯ ಮಾತ್ರ ಅಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ವಾರದಲ್ಲಿ ಉಡುಪಿಯ ಕಾಲೇಜು ಗೇಟುಗಳು ದಿನವಿಡೀ ದೆಹಲಿಯ ಚಾನೆಲುಗಳಲ್ಲಿ ಕಾಣುತ್ತಿದ್ದವು. ದಿನಾ ಬಸ್ಸಿನಲ್ಲಿ ದಾಟುವ ಜಾಗಗಳು ಅವು, ಪರದೆಯಲ್ಲಿ ನೋಡಿದರೆ ಗುರುತೇ ಸಿಗಲಿಲ್ಲ. ನನ್ನ ಬಸ್ಸಿನಲ್ಲಿ ವರ್ಷಗಳಿಂದ ಸೀಟು ಹಿಡಿದುಕೊಡುತ್ತಿದ್ದ ಇಬ್ಬರು ಹುಡುಗಿಯರು, ಒಬ್ಬಳು ಬುರ್ಖಾದವಳು, ಒಬ್ಬಳು ಮಲ್ಲಿಗೆ ಮುಡಿಯುವವಳು, ಆ ವಾರ ಬೇರೆ ಬೇರೆ ಸೀಟಿನಲ್ಲಿ ಕೂತು ಇಬ್ಬರೂ ಮೊಬೈಲಿನಲ್ಲಿ ಒಂದೇ ವಿಡಿಯೋ ನೋಡುತ್ತಿದ್ದರು. ಆ ರಾತ್ರಿ "ಗುಲಾಬಿ ಟಾಕೀಸ್" ಹಾಕಿದೆ. ಅರ್ಧಕ್ಕೆ ನಿಲ್ಲಿಸಬೇಕಾಯ್ತು. ಪೂರ್ತಿ ನೋಡಿದ್ದು ಮುಂದಿನ ವರ್ಷ.

ನಮ್ಮ ಮಾತು ನಮ್ಮ ಬಾಯಲ್ಲಿ ಪೂರ್ತಿಯಾಗಿ ಕೇಳಿದ್ದು 2014ರ ಮಾರ್ಚಿನಲ್ಲಿ, "ಉಳಿದವರು ಕಂಡಂತೆ"ಯಲ್ಲಿ. ಉಡುಪಿಯ ಹುಡುಗ ರಕ್ಷಿತ್ ಶೆಟ್ಟಿ ಮಲ್ಪೆಯಲ್ಲಿ ಕ್ಯಾಮೆರಾ ಇಟ್ಟು, ಸ್ಥಳದಲ್ಲೇ ಸದ್ದು ಹಿಡಿದು ಮಾಡಿದ್ದು. ನಮ್ಮಲ್ಲಿ ಆಗ ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂತು ಮಾತು ಸೇರಿಸುವುದೇ ರೂಢಿ. ಹಾಗೆ ಮಾಡಿದರೆ ಕಡಲು ಸುಮ್ಮನಾಗಿಬಿಡುತ್ತದೆ. ಇಲ್ಲಿ ಕಡಲು ಸುಮ್ಮನಿರಲಿಲ್ಲ. ರತ್ನಕ್ಕ, ಬಾಲು, ಮುನ್ನ, ರಾಘು, ರಿಚ್ಚಿ ಒಬ್ಬೊಬ್ಬರೂ ಒಂದೇ ಘಟನೆಯನ್ನು ತಮತಮಗೆ ಕಂಡಂತೆ ಕಾಣಿಸುತ್ತಾರೆ, ಅಷ್ಟಮಿಯ ಹುಲಿವೇಷದ ತಾಸೆ ಹಿಂದೆ ಬಡಿಯುತ್ತಲೇ ಇರುತ್ತದೆ. ಅಜನೀಶ್ ಲೋಕನಾಥ್ ಆ ಪೆಟ್ಟುಗಳನ್ನು ಸಂಗೀತದೊಳಗೆ ತಂದ ರೀತಿಗೇ ಟಿಕೆಟ್ಟಿನ ದುಡ್ಡು ಸಂದಾಯ. ಆಗ ಥಿಯೇಟರಿನಲ್ಲಿ ಸಿನಿಮಾ ಓಡಲಿಲ್ಲ. ಬೆಂಗಳೂರಿನ ನನ್ನ ಭಾವ "ಎಂಥದೂ ಅರ್ಥ ಆಗ್ಲಿಲ್ಲ, ಕನ್ನಡವೇ ಹೌದಾ ಅದು?" ಅಂದಿದ್ದರು. ಆಮೇಲೆ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿ ನೋಡಿ ಜನ ಅದನ್ನು ತಲೆಮೇಲಿಟ್ಟುಕೊಂಡರು. ಈಗ ಅದೇ ಭಾವ ರಿಚ್ಚಿಯ ಧಾಟಿಯಲ್ಲಿ ಮಾತಾಡಿ ನನಗೇ ಉಡುಪಿ ಕನ್ನಡ ಕಲಿಸಲಿಕ್ಕೆ ಬರುತ್ತಾರೆ.

ಅದೇ ಮೀನುಗಾರರ ಬದುಕನ್ನು ಹಿಡಿದ ಇನ್ನೊಂದು ಸಿನಿಮಾ ಅಭಯ ಸಿಂಹರ "ಪಡ್ಡಾಯಿ", 2018ರದ್ದು, ತುಳುವಿನದ್ದು. ಪಡ್ಡಾಯಿ ಎಂದರೆ ಪಡುವಣ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಇಲ್ಲಿ ಕಡಲಿಗಿಳಿದಿದ್ದಾನೆ. ಸ್ಕಾಟ್ಲೆಂಡಿನ ರಾಜ್ಯದ ಬದಲು ಮೀನಿನ ದೋಣಿಯ ಯಜಮಾನಿಕೆ. ಮೂರು ಮಾಟಗಾತಿಯರ ಭವಿಷ್ಯ ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲ, ದರ್ಶನದಲ್ಲಿ ನುಡಿ ಕೇಳಿ ಅಭ್ಯಾಸ ಇದ್ದವರಲ್ಲವೇ ನಾವು. ಅಡಿಗೆ ಹೊಸ ಮನೆ, ಮೇಲಕ್ಕೆ ಹೊಸ ಆಸೆ, ಕೈಗೆ ಅಂಟಿದ ವಾಸನೆ. ಕೈ ತೊಳೆದರೂ ಹೋಗದ್ದು ಮೀನಿನ ವಾಸನೆಯೋ ರಕ್ತದ್ದೋ ಎಂಬ ಪ್ರಶ್ನೆ ಈ ಕತೆಗೆ ಮಲ್ಪೆಯಲ್ಲಿ ತಾನಾಗಿಯೇ ಒದಗುತ್ತದೆ.

ಇಷ್ಟು ಹೇಳಿ "ಕಾಂತಾರ"ದ ಬಗ್ಗೆ ಹೇಳದಿದ್ದರೆ ಓದುವವರು ಬಿಡುವುದಿಲ್ಲ. 2022ರ ಸೆಪ್ಟೆಂಬರ್ 30ಕ್ಕೆ ಬಂತು. ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟರಿಗೆ ಮುಂದೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಕೊನೆಯ ಇಪ್ಪತ್ತು ನಿಮಿಷ ಮೈ ನಡುಗುವಂತಿದೆ, ಅದರಲ್ಲಿ ಎರಡು ಮಾತಿಲ್ಲ. ಉಳಿದ ಭಾಗದಲ್ಲಿ ಬೇರೆ ಊರಿನ ಹೊಡೆದಾಟದ ಸಿನಿಮಾಗಳ ವಾಸನೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಅಮ್ಮನ ಪಾತ್ರ ಮಾಡಿದ ಮಾನಸಿ ಸುಧೀರ್ ಬೈಯುವಾಗ ಮಾತ್ರ ಪೂರ್ತಿ ನಮ್ಮೂರು. ಆ ಸಿನಿಮಾಕ್ಕಿಂತ ಅದರ ನಂತರ ಆದದ್ದು ಇತಿಹಾಸದ ದೃಷ್ಟಿಯಿಂದ ದೊಡ್ಡದು. ಪಂಜುರ್ಲಿ, ಗುಳಿಗ ಎಂಬ ಹೆಸರು ಲಕ್ನೋದ ಆಟೋದವರಿಗೂ ಗೊತ್ತಾಯಿತು. ಮುಖಕ್ಕೆ ಅರದಾಳ ಬಳಿದುಕೊಂಡು ರೀಲ್ಸ್ ಮಾಡುವವರು, ಥಿಯೇಟರಿನೊಳಗೆ ವೇಷ ಹಾಕಿ ಕುಣಿಯುವವರು ಶುರುವಾದರು. ಹಾಗೆ ಮಾಡಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. 2025ರಲ್ಲಿ ಎರಡನೆಯ ಭಾಗ ಬಂದಾಗಲೂ ಅದೇ ಮನವಿ.

ದೈವಕ್ಕೆ ಕಟ್ಟುವವರು ಪಂಬದ, ನಲಿಕೆ, ಪರವ ಸಮುದಾಯದವರು. ಅವರಿಗೆ ಇದು ಕಲೆಯೂ ಅಲ್ಲ, ವೇಷವೂ ಅಲ್ಲ. ಎಣ್ಣೆ ಬೂಳ್ಯ ಪಡೆದು, ವ್ರತ ಹಿಡಿದು, ಅಣಿ ಹೊತ್ತು ರಾತ್ರಿಯಿಡೀ ನಿಲ್ಲುವ ಕೆಲಸ. ಕಾಂತಾರದ ಅಬ್ಬರದ ನಡುವೆ 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಆಗ ಆ ಖಾತೆಯ ಸಚಿವರು ಕಾರ್ಕಳದವರೇ, ಸುನಿಲ್ ಕುಮಾರ್. ಸಿನಿಮಾ ಎಷ್ಟು ನೂರು ಕೋಟಿ ಮಾಡಿತು ಅಂತ ಪತ್ರಿಕೆಗಳು ದಿನಾ ಲೆಕ್ಕ ಕೊಡುತ್ತಿದ್ದಾಗ ಈ 2,000ದ ಸುದ್ದಿಯನ್ನೂ ಅದೇ ಪುಟದಲ್ಲಿ ಓದಿದೆ. ಒಂದು ಸಿನಿಮಾದಿಂದ ಒಂದು ಮಾಸಾಶನವಾದರೂ ಬಂತಲ್ಲ ಅಂತ ಸಮಾಧಾನ ಪಡಬೇಕೋ, ಸಿನಿಮಾ ಬರುವ ತನಕ ಅದು ನೆನಪಾಗಲಿಲ್ಲವಲ್ಲ ಅಂತ ಸಿಟ್ಟು ಮಾಡಬೇಕೋ?

ನಮ್ಮ ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಪಿಲಿ ಕೋಲ ಆಗುತ್ತದೆ. ಹುಲಿಯ ಬಣ್ಣ ಬಳಿದ ದೈವ ಜನರನ್ನು ಅಟ್ಟಿಸಿಕೊಂಡು ಬರುತ್ತದೆ, ಅದು ಮುಟ್ಟಿದರೆ ಸಾವು ಎಂಬ ನಂಬಿಕೆ. ಓಡುವುದೇ ಅಲ್ಲಿಯ ಭಕ್ತಿ. ಈಗ ಅದರ ವಿಡಿಯೋ ಮೊಬೈಲಿನಲ್ಲಿ ಬೇಕಾದಷ್ಟು. ಮನೆಯಲ್ಲಿ ಕಾಲು ಚಾಚಿ ಕೂತು ನೋಡುವಾಗ ಹುಲಿ ನಮ್ಮ ಕಡೆ ನುಗ್ಗಿದರೆ ನಾವು ಓಡುವುದಿಲ್ಲ, ಇನ್ನೊಮ್ಮೆ ಹಿಂದಕ್ಕೆ ತಿರುಗಿಸುತ್ತೇವೆ.

ಕಾರ್ಕಳದ ಕಡೆಯ ನಂದಳಿಕೆಯ ಸಿರಿ ಜಾತ್ರೆಯದ್ದು ಇನ್ನೂ ಸೂಕ್ಷ್ಮ. ಸಿರಿಯ ಕತೆ ಗೊತ್ತಲ್ಲ? ಬಸರೂರಿನ ಕಾಂತು ಪೂಂಜನನ್ನು ಮದುವೆಯಾಗಿ, ಅವನ ನಡತೆಗೆ ಬೇಸತ್ತು, ಸಭೆಯಲ್ಲೇ ಬರ ಹೇಳಿ ಗಂಡನನ್ನು ಬಿಟ್ಟು ಬಂದವಳು. ಮರುಮದುವೆಯೂ ಆದವಳು. ಅವಳ ಮಗಳು ಸೊನ್ನೆ, ಮೊಮ್ಮಕ್ಕಳು ಅಬ್ಬಗ ದಾರಗ. ಚೆನ್ನೆಮಣೆ ಆಡುತ್ತ ಆಡುತ್ತ ಜಗಳವಾಗಿ ಒಬ್ಬಳು ಇನ್ನೊಬ್ಬಳನ್ನು ಮಣೆಯಲ್ಲಿ ಹೊಡೆದು ಕೊಲ್ಲುತ್ತಾಳೆ. ನಮ್ಮ ಟಿವಿಯ ಸೊಸೆಯಂದಿರು ಸಾವಿರ ಕಂತು ಅತ್ತರೂ ಸಿರಿಯಷ್ಟು ನೆಟ್ಟಗೆ ಒಂದು ಮಾತು ಆಡಿದ್ದು ಕೇಳಿಲ್ಲ. ಜಾತ್ರೆಯ ರಾತ್ರಿ ನೂರಾರು ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ. ಮನೆಯಲ್ಲಿ ಹೇಳಲಾರದ್ದನ್ನು ಅವರು ಅಲ್ಲಿ ಹೇಳುತ್ತಾರೆ, ಅಳುತ್ತಾರೆ, ಕುಮಾರನೊಡನೆ ವಾದ ಮಾಡುತ್ತಾರೆ.

ಇದನ್ನು ದಾಖಲಿಸುವ ಕೆಲಸ ಉಡುಪಿಯಲ್ಲಿ ಹೊಸದಲ್ಲ. ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ 1980ರ ದಶಕದಿಂದಲೇ ಕೋಲ, ಯಕ್ಷಗಾನ, ಪಾಡ್ದನಗಳನ್ನು ಟೇಪಿಗೆ ಹಿಡಿಯುತ್ತ ಬಂತು. 1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ಲೌರಿ ಹಾಂಕೊ ಮತ್ತು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡ ಗೋಪಾಲ ನಾಯ್ಕರ ಎದುರು ದಿನಗಟ್ಟಲೆ ಕೂತು ಇಡೀ ಸಿರಿ ಕಾವ್ಯವನ್ನು ಕೇಳಿ ದಾಖಲಿಸಿತು. ಅಚ್ಚಾದಾಗ 15,683 ಸಾಲು! ಹಾಡುವವನ ಹೆಸರು ಗ್ರಂಥದ ಮೇಲೆ ಬಂತು. ಈಗ ನಂದಳಿಕೆಯದ್ದು ಅಂತ ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಹಾಡು ಇಲ್ಲ, ಕತೆ ಇಲ್ಲ. ಜಡೆ ಬಿಚ್ಚಿ ಅಳುತ್ತಿರುವ ಯಾವಳೋ ಒಬ್ಬಳ ಮುಖ, ಹತ್ತಿರದಿಂದ. ಅವಳು ನಾಳೆ ಬೀಡಿ ಕಟ್ಟಿ ಬ್ರಾಂಚಿಗೆ ಕೊಡಲಿಕ್ಕೆ ಹೋಗಬೇಕು, ಮಗನನ್ನು ಶಾಲೆಗೆ ಕಳಿಸಬೇಕು. ಆ ಮುಖವನ್ನು ಎಂಬತ್ತು ಸಾವಿರ ಜನ ನೋಡಬಹುದು ಅಂತ ಅವಳನ್ನು ಕೇಳಿದವರು ಯಾರು? ಅಂಥ ವಿಡಿಯೋ ನನಗೆ ಬಂದರೆ ಮುಂದಕ್ಕೆ ಕಳಿಸುವುದಿಲ್ಲ, ಕಳಿಸಿದವರಿಗೆ "ದಯವಿಟ್ಟು ಅಳಿಸಿ" ಅಂತ ಬರೆಯುತ್ತೇನೆ. ಎರಡು ಗ್ರೂಪಿನಲ್ಲಿ ಇದಕ್ಕೇ ಜಗಳವಾಗಿದೆ.

ಹಾಗಂತ ಮೊಬೈಲಿನ ಮೇಲೆ ನನಗೇನೂ ಹಗೆ ಇಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ವಿಡಿಯೋ ಜಗತ್ತು ಸುತ್ತಿತು. ನೂರು ಮೀಟರಿಗೆ ಲೆಕ್ಕ ಹಾಕಿ 9.55, ಬೋಲ್ಟ್‌ನ 9.58ಕ್ಕಿಂತ ವೇಗ ಅಂದರು. ಅದಾಗಿ ಎರಡು ವಾರದಲ್ಲೇ ಕಾರ್ಕಳ ಕಡೆಯ ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ 9.51ರ ಲೆಕ್ಕಕ್ಕೆ ಓಡಿದರು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದ ಓಟ ಬೇರೆ, ಟ್ರ್ಯಾಕಿನದ್ದು ಬೇರೆ ಅಂದರು. ಸರಿಯಾದ ಮಾತು. ಮುಂದೆ ಎರಡು ಕೋಣ ಎಳೆಯುವಾಗಿನ ಓಟವನ್ನು ಯಾರೂ ಎಳೆಯದ ಓಟಕ್ಕೆ ಹೋಲಿಸುವುದೇ ತಮಾಷೆ. ಕಟಪಾಡಿಯ ಕರೆಯಲ್ಲೋ ಮಿಯ್ಯಾರಿನಲ್ಲೋ ನಿಂತು ನೋಡಿದವರಿಗೆ ಗೊತ್ತು, ಜನ ಕೇಳುವುದು ಯಾರ ಕೋಣ ಅಂತ ಮೊದಲು, ಓಡಿಸಿದ್ದು ಯಾರು ಅಂತ ಆಮೇಲೆ. 2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ಬಿಸಿ ತಾಗಿ, ನಿಂತು, ಕಾನೂನು ತಿದ್ದಿ, 2023ರ ಮೇ 18ಕ್ಕೆ ಅದೇ ಕೋರ್ಟು ಒಪ್ಪುವ ತನಕ ಕಂಬಳ ತೂಗುಯ್ಯಾಲೆಯಲ್ಲಿತ್ತು. ಅದರ ನಡುವೆ ಬಂದ ಈ ವಿಡಿಯೋ ಅದಕ್ಕೆ ಮಾಡಿದ ವಕಾಲತ್ತು ಸಣ್ಣದಲ್ಲ.

ಕಟಪಾಡಿ ಅಂದಾಗ ರವಿ ಕಟಪಾಡಿಯನ್ನು ಬಿಡಲಾದೀತೇ? ಕೂಲಿ ಕೆಲಸ ಮಾಡುವವರು. ಅಷ್ಟಮಿ ಬಂದರೆ ಹಾಲಿವುಡ್ ಸಿನಿಮಾದ ಯಾವುದೋ ವಿಕಾರ ಜೀವಿಯ ವೇಷ ಹಾಕಿ ಬೀದಿಗಿಳಿಯುತ್ತಾರೆ. ಒಂದು ಸಲ "ಪ್ಯಾನ್ಸ್ ಲ್ಯಾಬಿರಿಂತ್" ಎಂಬ ಸ್ಪ್ಯಾನಿಷ್ ಸಿನಿಮಾದ ಕೊಂಬಿನ ಫಾನ್ ಆಗಿದ್ದರು. ಬಂದ ಲಕ್ಷಾಂತರ ರೂಪಾಯಿ ಪೂರ್ತಿ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ. "ಕೌನ್ ಬನೇಗಾ ಕರೋಡ್‌ಪತಿ"ಯವರೂ ಕರೆಸಿಕೊಂಡರು. ಅಂತರ್ಯುದ್ಧ ಮುಗಿದ ನಂತರದ ಸ್ಪೇನಿನ ಕತೆಯ ಪ್ರಾಣಿ ವಿಟ್ಲಪಿಂಡಿಯ ಜನಜಂಗುಳಿಯಲ್ಲಿ ಡಬ್ಬಿ ಹಿಡಿದು ನಡೆಯುವುದನ್ನು ಆ ಸಿನಿಮಾದ ನಿರ್ದೇಶಕ ಗಿಯೆರ್ಮೊ ದೆಲ್ ಟೊರೊ ಒಮ್ಮೆ ನೋಡಬೇಕಿತ್ತು.

ಲಾಕ್‌ಡೌನಿನಲ್ಲಿ ಮಾನಸಿ ಸುಧೀರ್ ತಮ್ಮ ಮನೆಯಲ್ಲೇ ಕನ್ನಡ ಕವಿತೆಗಳಿಗೆ ಅಭಿನಯ ಮಾಡಿ ಹಾಕುತ್ತಿದ್ದ ಪುಟ್ಟ ವಿಡಿಯೋಗಳನ್ನು ಈಗಲೂ ನೋಡುತ್ತೇನೆ. ಆದರೆ ನಾನು ಅತಿ ಹೆಚ್ಚು ಸಲ ಹಾಕಿದ ವಿಡಿಯೋದಲ್ಲಿ ನೋಡಲಿಕ್ಕೆ ಎಂತದೂ ಇಲ್ಲ. ಒಂದೇ ಒಂದು ಫೋಟೋ, ಹಿಂದೆ ಕಾಳಿಂಗ ನಾವಡರ ಸ್ವರ. ಸಾಲಿಗ್ರಾಮ ಮೇಳದ ಭಾಗವತರು, 1990ರ ಮೇಯಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಮೂವತ್ತೆರಡೂ ತುಂಬಿರಲಿಲ್ಲ. ಯಾರೋ ರಂಗಸ್ಥಳದ ಪಕ್ಕದಲ್ಲಿ ಕೂತು ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದದ್ದು, ಈಗ ಇಲ್ಲಿ ಬಂದು ಕೂತಿದೆ. ಚೆಂಡೆಯ ಹಿಂದೆ ಮಗು ಅಳುವುದು, ಯಾರೋ ಕೆಮ್ಮುವುದು ಕೇಳುತ್ತದೆ. ಅವರು ಹೋದ ವರ್ಷವೇ "ಗುಡ್ಡದ ಭೂತ" ಬಂದದ್ದು ಅಂತ ಇದನ್ನು ಬರೆಯುವಾಗ ಹೊಳೆಯಿತು.

ಕೊನೆಗೆ 2025ರದ್ದು ಎರಡು. ಮಾರ್ಚಿನಲ್ಲಿ ಬಂದ ಸುಮಂತ್ ಭಟ್ಟರ "ಮಿಥ್ಯ". ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನನ್ನು ಚಿಕ್ಕಮ್ಮನ ಮನೆಯವರು ಮುಂಬೈಯಿಂದ ಉಡುಪಿಗೆ ಕರೆತರುತ್ತಾರೆ. ಮುಂಬೈಗೆ ಹೋದ ನಮ್ಮವರ ಬಗ್ಗೆ ನೂರು ಕತೆ ಉಂಟು, ಅಲ್ಲಿಂದ ಹೀಗೆ ವಾಪಸ್ ಬಂದ ಮಗುವಿನ ಕತೆ ಇದೇ ಮೊದಲು ನೋಡಿದ್ದು. ಆತೀಶ್ ಶೆಟ್ಟಿ ಎಂಬ ಹುಡುಗ ಅಳುವುದೇ ಇಲ್ಲ, ನೋಡುತ್ತಾನೆ ಅಷ್ಟೇ. ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡ್. ಉಡುಪಿ ಇಲ್ಲಿ ಮಠವೂ ಅಲ್ಲ, ಬೀಚೂ ಅಲ್ಲ, ಬಾಡಿಗೆ ಕಟ್ಟಬೇಕಾದ, ಅಕ್ಕಪಕ್ಕದವರು ಪಿಸುಗುಡುವ ಒಂದು ಪೇಟೆ. ಥಿಯೇಟರಿನಲ್ಲಿ ನಾವಿದ್ದದ್ದು ಹದಿನಾಲ್ಕು ಜನ, ಎಣಿಸಿದ್ದೇನೆ.

ಜುಲೈಯಲ್ಲಿ ಬಂದ "ಸು ಫ್ರಮ್ ಸೋ"ಗೆ ಮಾತ್ರ ಮೂರು ದಿನ ಟಿಕೆಟ್ ಸಿಗಲಿಲ್ಲ. ಜೆ.ಪಿ. ತುಮಿನಾಡ್ ಬರೆದು ನಿರ್ದೇಶಿಸಿದ್ದು. ಸಿಕ್ಕಿಬೀಳುವುದನ್ನು ತಪ್ಪಿಸಲಿಕ್ಕೆ ಹುಡುಗನೊಬ್ಬ ಮೈಮೇಲೆ ಭೂತ ಬಂದ ಹಾಗೆ ನಟಿಸುತ್ತಾನೆ, ಭೂತದ ವಿಳಾಸ ಸೋಮೇಶ್ವರದ ಸುಲೋಚನ. ತೊಂಬತ್ತೊಂದು ವರ್ಷದ ಹಿಂದೆ ಕನ್ನಡ ಸಿನಿಮಾ ಮಾತು ಕಲಿತದ್ದೂ ಒಬ್ಬಳು ಸುಲೋಚನೆಯ ಹೆಸರಿನಲ್ಲೇ ಅಲ್ಲವಾ ಅಂತ ಪಕ್ಕದ ಸೀಟಿನ ಅಕ್ಕನಿಗೆ ಹೇಳಿದೆ. "ಸುಮ್ನಿರಿ ಮಾರಾಯ್ರೆ, ಕೇಳುದಿಲ್ಲ" ಅಂದರು. ನಗುವಿನ ನಡುವೆ ಸಿನಿಮಾ ಮೆಲ್ಲ ಒಂದು ಪ್ರಶ್ನೆ ನೂಕುತ್ತದೆ: ಸತ್ತ ಹೆಂಗಸಿಗೆ ಹೆದರುವ ಊರು ಅವಳ ಬದುಕಿರುವ ಮಗಳಿಗೆ ಎಂತ ಕೊಟ್ಟಿದೆ? ಸಿರಿಯ ಊರಿನವರಿಗೆ ಈ ಪ್ರಶ್ನೆ ಹೊಸದಲ್ಲ.

ಇನ್ನು "ಏಕಂ" ಬಾಕಿ ಉಂಟು. ಇದೇ ಕರಾವಳಿಯ ಏಳು ಕತೆ, ಯಾವ ದೊಡ್ಡ ಒಟಿಟಿಯೂ ಕೊಳ್ಳದೆ ವರ್ಷಗಟ್ಟಲೆ ಕಾದು, 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಹಾಕಿದರು. ದುಡ್ಡು ಕಟ್ಟಿ ನೋಡುತ್ತಿದ್ದೇನೆ. ಅದರಲ್ಲೂ ಪ್ರಕಾಶ್ ರಾಜ್ ಇದ್ದಾರೆ. ಗುಡ್ಡದ ಭೂತದ ತೆಳ್ಳಗಿನ ಹುಡುಗನಿಗೆ ಈಗ ಕೂದಲು ಹಣ್ಣಾಗಿದೆ. ಮೂರು ಕತೆ ಮುಗಿದಿದೆ, ಇನ್ನು ನಾಲ್ಕು.